ಲೆಕ್ಕಕ್ಕೆ ಬಾರದ ಮಗಳು

೧೯೮೨ರ ಮಾತು. ಇಳಕಲ್ಲಿನಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಸಿಕ್ಕರೂ ಬಾಡಿಗೆ ವರ್ಷ ವರ್ಷ ಏರುತ್ತಿತ್ತು. ನೇಕಾರ ಶಂಕ್ರಪ್ಪನಿಗೆ ಮನೆ ಕೊಡುವಾಗಲೇ ಮಾಲೀಕ ರಾಚಯ್ಯ ಹೇಳಿದ್ದ: "ಎರಡ ಮಕ್ಕಳಿಗಷ್ಟ ಈ ಬಾಡಿಗಿ. ಮಂದಿ ಹೆಚ್ಚಾದ್ರ ಬಾಡಿಗಿನೂ ಹೆಚ್ಚ. ಇಲ್ಲಾ, ಮನಿ ಬಿಡ್ರಿ."

ಶಂಕ್ರಪ್ಪನಿಗೆ ಮಕ್ಕಳು ಮೂವರು. ಗಂಡುಮಕ್ಕಳಿಬ್ಬರನ್ನು ತೋರಿಸಿ, ಎಂಟು ವರ್ಷದ ಮಗಳು ಗುರುಲಿಂಗವ್ವನನ್ನು ಮುಚ್ಚಿಟ್ಟ. ಹುಡುಗರು ಶಾಲೆಗೆ ಹೋಗುತ್ತಿದ್ದರು. ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಮಾಲೀಕ ಬಂದರೆ ಜೋಳ ತುಂಬುವ ಖಾಲಿ ಗುಮ್ಮಿಯೊಳಗೆ ಇಳಿದು ಕೂರಬೇಕು. ಬಿದಿರಿನ ಆ ಗುಮ್ಮಿಗೆ ಸುತ್ತಲೂ ಸಗಣಿ ಮೆತ್ತಿತ್ತು, ಮೇಲೆ ಮುಚ್ಚಳ.

ಇದು ಗೊತ್ತಿದ್ದವಳು ಪಕ್ಕದ ಮನೆಯ ಬಾಲವಾಡಿ ಟೀಚರು ದೌಲತಬಿ ಒಬ್ಬಳೇ. ಒಂದು ದಿನ ಅವಳು ಹುಡುಗಿಯ ತಾಯಿಗೆ ಹೇಳಿದಳು:

"ಸಿದ್ದಲಿಂಗವ್ವಾ, ನಾಳೆ ಸಾಲಿ ಮಾಸ್ತರು ಮಕ್ಕಳ ಹೆಸರ ಬರಕೊಳ್ಳಾಕ ಓಣಿಗೆ ಬರ್ತಾರ. ಹುಡುಗಿ ಹೆಸರ ಹಚ್ಚಸವಾ."

"ಬ್ಯಾಡ ಅಕ್ಕಾ! ಮಾಲಕ್ರ ಕಿವಿಗಿ ಬಿದ್ರ? ಈ ತುಟ್ಟಿ ಕಾಲದಾಗ ಬ್ಯಾರೆ ಮನಿ ಯಾರ ಕೊಡ್ತಾರ?" ಎಂದಳು ತಾಯಿ.

"ಹೆಸರ ಹಚ್ಚಾಕ ಮಾಲಕ್ರನ್ನ ಯಾರೂ ಕೇಳೂದಿಲ್ಲ. ಫೀನೂ ಇಲ್ಲ."

ಸಿದ್ದಲಿಂಗವ್ವನ ಭಯ ಹೋಗಲಿಲ್ಲ. ಮರುದಿನ ಮಾಸ್ತರು ಬಂದಾಗ ಮಗಳನ್ನು ಗುಮ್ಮಿಗಿಳಿಸಿ, "ನಮಗ ಇಬ್ಬರ ಮಕ್ಕಳ್ರಿ" ಎಂದಳು. ಅವರು ಹೊರಡುವಷ್ಟರಲ್ಲಿ ರಾಚಯ್ಯ ಬಂದು ಕೂತ. ಮಾತು ಬೆಳೆಯಿತು. ಗುಮ್ಮಿಯೊಳಗಿಂದ ಉಗುರಿನಲ್ಲಿ ಕೆರೆದ ಸದ್ದು.

"ಇಲಿ ಭಾಳ ಆಗ್ಯಾವ್ರಿ" ಎಂದಳು ತಾಯಿ.

ಸದ್ದು ನಿಂತಿತು. ಮತ್ತೆ ಕೇಳಲೇ ಇಲ್ಲ. ತಾಯಿ "ನನ್ನ ಮಗಳು!" ಎಂದು ಚೀರಿ ಮುಚ್ಚಳ ಕಿತ್ತಳು. ಹುಡುಗಿಯ ಕತ್ತು ವಾಲಿತ್ತು, ತುಟಿ ಕಪ್ಪಾಗಿತ್ತು. ರಾಚಯ್ಯನೇ ಎತ್ತಿ ಅಂಗಳಕ್ಕೆ ತಂದ. ದೌಲತಬಿ ಓಡಿಬಂದು ಸೆರಗಿನಿಂದ ಗಾಳಿ ಹಾಕಿದಳು, ಹೆಸರು ಹಿಡಿದು ಕೂಗಿದಳು. ಕಡೆಗೊಮ್ಮೆ ಹುಡುಗಿ ಉಸಿರೆಳೆದು ಕಣ್ಣು ಬಿಟ್ಟಳು. ಎದುರಿಗೆ ಮಾಲೀಕನ ಮುಖ.

"ನಾ ಈ ಮನ್ಯಾಕಿ ಅಲ್ರಿ" ಎಂದಳು.

ರಾಚಯ್ಯ ತಲೆ ತಗ್ಗಿಸಿ ಎದ್ದು ಹೋದ. ಸುದ್ದಿ ಕೇಳಿ ಮಗ್ಗ ಬಿಟ್ಟು ಬಂದ ಶಂಕ್ರಪ್ಪ ಮಗಳನ್ನು ತಬ್ಬಿಕೊಂಡು ಅತ್ತ. "ಮನಿ ಹೋದ್ರ ಹೋಗ್ಲಿ. ಈಕಿ ಹೆಸರ ಹಚ್ಚಸೂನು" ಎಂದ.

ಗುರುಲಿಂಗವ್ವ ಶಾಲೆಗೆ ಸೇರಿದಳು. ಮುಂದೆ ಬಾಡಿಗೆ ಏರಿದ್ದೂ ನಿಜ, ಅವರು ಊರಂಚಿನ ಒಂದೇ ಕೋಣೆಗೆ ಹೋದದ್ದೂ ನಿಜ. ಅಲ್ಲಿಂದಲೂ ಅವಳು ಅಣ್ಣತಮ್ಮಂದಿರೊಡನೆ ಅದೇ ಶಾಲೆಗೆ ನಡೆದುಹೋದಳು.

ತಾಯಿ ತಂದೆಯರೇ, ಮನೆ ಹೋದೀತೆಂಬ ನಿಮ್ಮ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಮಗುವನ್ನು ಒಪ್ಪಿಸಬೇಡಿ. ಶಾಲೆಯ ಮುಖ ಕಾಣದ ಮಗಳು ನಿಮ್ಮ ಮನೆಯಲ್ಲಿದ್ದರೆ, ನಾಳೆ ಬೆಳಿಗ್ಗೆಯೇ ಕೈಹಿಡಿದು ಕರೆದೊಯ್ಯಿರಿ. ಅವಳ ಹೆಸರನ್ನು ಮಾಸ್ತರರಿಗೆ ಗಟ್ಟಿಯಾಗಿ ಹೇಳಿರಿ.