ನಿದ್ದೆಗೈ

ಬಾಗಿಲ ಮೇಲಿನ ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು, ಯಾರೋ ಹೊರಗೆ ಗುಂಡಿ ಒತ್ತುತ್ತಿದ್ದಾರೆ, ಹುಟ್ಟುಕಿವುಡನ ಮನೆಗೆ ಬೆಳಕೇ ಗಂಟೆ, ಹಾಲಿನವನಾದರೆ ಒಂದು ಸಲ ಒತ್ತಿ ಹೋಗುತ್ತಾನೆ, ಇದು ಬಿಡದೆ ಒತ್ತುವ ಕೈ, ಮೊಮ್ಮಗಳೇ ಇರಬೇಕು, ಬೆಳಗಿನ ಪಾಳಿಯ ಬಸ್ಸು ಓಡಿಸುವ ಮೊದಲು ಇಲ್ಲಿ ಟೀ ಕುಡಿದು ಹೋಗುವವಳು, ಆದರೆ ಇವತ್ತು ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಇರಬೇಕಾದವಳು — ಅಲ್ಲಿಗೇ ಗೊತ್ತಾಗಿಹೋಯಿತು, ಅಗುಳಿ ತೆಗೆಯುವ ಮೊದಲೇ, ಆದರೂ ತೆಗೆದೆ, ತೆಗೆಯದೆ ಇದ್ದರೆ ಸುದ್ದಿ ಹೊರಗೇ ನಿಂತಿರುತ್ತದೆಯೆ, ನಿಂತಿದ್ದಾಳೆ, ಡ್ರೈವರ್ ಅಂಗಿಯಲ್ಲೇ, ಎರಡು ಕೈಯೂ ಕೆಳಗೆ, ಮಾತೆಲ್ಲ ಕೈಯಲ್ಲೇ ಆಡುವ ಈ ಮನೆಯಲ್ಲಿ ಕೈ ಇಳಿಬಿಟ್ಟು ನಿಲ್ಲುವುದೆಂದರೆ ಬಾಯಿ ಹೊಲಿದುಕೊಂಡು ನಿಂತ ಹಾಗೆ, ಹೇಳೇ ತಾಯಿ ಅಂದೆ, ಕೈ ಎತ್ತಿದಳು, ಅಜ್ಜ, ಅಮ್ಮ ಹೋಗ್ಬಿಟ್ಟಳು — ಹೋದಳು ಎನ್ನಲು ಅಂಗೈಯನ್ನು ಹಲಗೆಯಂತೆ ನೇರ ಮಾಡಿ ಪುಟ ಮಗುಚಿದ ಹಾಗೆ ಮಗುಚಬೇಕು, ಅವಳ ಬೆರಳು ನೇರವಾಗಲಿಲ್ಲ, ಬೊಗಸೆಯಲ್ಲಿ ನೀರು ಹಿಡಿದವರ ಬೆರಳಿನಂತೆ ಅರ್ಧಕ್ಕೇ ಬಾಗಿ ನಿಂತವು, ಹಾಗೆಯೇ ಮಗುಚಿದಳು, ಒಂದೇ ಕೈಯಲ್ಲಿ ಎರಡು ಸುದ್ದಿ ಬಂದವು, ಮಗಳದೊಂದು, ಮೊಮ್ಮಗಳದೊಂದು, ಯಾವುದಕ್ಕೆ ಮೊದಲು ಅಳಲಿ.

ಚಳಿಗೆ ಇರಬೇಕು, ರಾತ್ರಿಯೆಲ್ಲ ಆಸ್ಪತ್ರೆಯ ಕಬ್ಬಿಣದ ಕುರ್ಚಿಯಲ್ಲಿ ಕೂತ ಕೈ, ಮರಗಟ್ಟಿರಬೇಕು — ಹೀಗೇ ಅಲ್ಲವೆ ಅವಳ ತಾಯಿಯ ಕೈಗೂ ಸಮಾಧಾನ ಹೇಳಿಕೊಂಡದ್ದು, ಚಳಿಗೆ, ದಣಿವಿಗೆ, ಹೆರಿಗೆಯ ನಿಶ್ಶಕ್ತಿಗೆ, ಬಡವನ ಹತ್ತಿರ ಬೇರೇನಿಲ್ಲದಿದ್ದರೂ ಕಾರಣಗಳಿಗೆ ಬರವಿಲ್ಲ, ಕಿವುಡ ಗಂಡ, ಕಿವುಡಿ ಹೆಂಡತಿ, ನಮ್ಮಿಬ್ಬರ ನಡುವೆ ಕಿವಿ ಕೇಳುವ ಒಬ್ಬಳೇ ಮಗಳು, ತೊಟ್ಟಿಲಲ್ಲಿಯೇ ಕೈಮಾತು ಕಲಿತವಳು, ಗಲ್ಲದ ಕೆಳಗೊಂದು ಮಚ್ಚೆ, ಅಲ್ಲಿ ಬೆರಳ ತುದಿ ಮುಟ್ಟಿಸಿದರೆ ಅದೇ ಅವಳ ಹೆಸರು, ಬೆಳೆದು ಕಿವುಡ ಮಕ್ಕಳ ಶಾಲೆಗೆ ಟೀಚರಾದಳು, ಆಮೇಲೊಂದು ಕಾಲದಿಂದ ಬೆಳಿಗ್ಗೆ ಅವಳ ಕೈ ಗೊಣಗತೊಡಗಿತು, ಬೆರಳು ಪೂರ್ತಿ ಬಿಡಿಸಿಕೊಳ್ಳದು, ಮಾತಿನ ಅಂಚೆಲ್ಲ ಉಜ್ಜಿಹೋದಂತೆ, ನಾನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಮುದುಕನಾದವನು, ಸವೆದ ಮೊಳೆಯಲ್ಲಿ ಅಚ್ಚಾದ ಸಾಲು ಹೇಗಿರುತ್ತದೋ ಹಾಗೆ, ಓದಬಹುದು, ಆದರೆ ಕಣ್ಣು ಕಿರಿದು ಮಾಡಬೇಕು, ಎಲುಬಿಲ್ಲದ ನಾಲಿಗೆ ಅನ್ನುತ್ತಾರೆ ಲೋಕದವರು, ತೀರಿಕೊಂಡ ನನ್ನ ಹೆಂಡತಿಯದು ಎಲುಬಿಲ್ಲದ ಕೈ, ಏನೇ ಅದು, ನೀನು ಎದ್ರೂ ನಿನ್ನ ಕೈ ಏಳ್ಲಿಲ್ವಾ ಎಂದು ಮಗಳನ್ನು ಕೆಣಕಿ ನಾಲ್ಕು ಬೆರಳು ಅರ್ಧ ಮಡಿಸಿ ಕೆನ್ನೆಗೆ ಒರಗಿಸಿ ತೋರಿಸಿದಳು, ದಿಂಬಿಗೆ ತಲೆಯಿಟ್ಟ ಮಗುವಿನ ಹಾಗೆ, ನಿದ್ದೆಗೈ, ನಕ್ಕೆವು, ಎಲ್ಲರಿಗಿಂತ ಹೆಚ್ಚು ಮಗಳೇ ನಕ್ಕಳು, ಹೌದಮ್ಮ, ನನ್ನ ಕೈ ನನಗಿಂತ ಸೋಮಾರಿ, ಬಿಸಿನೀರು ಕುಡಿಸದೆ ಏಳಲ್ಲ ಅಂತು, ಆ ಅಡ್ಡಹೆಸರು ಶಾಲೆಗೂ ಹೋಯಿತು, ಮಕ್ಕಳೆಲ್ಲ ಕೆನ್ನೆಗೆ ಕೈಯಿಟ್ಟು ಅವಳನ್ನು ಕರೆದರು, ಮಚ್ಚೆಯ ಹೆಸರು ಯಾವಾಗ ಬಿದ್ದುಹೋಯಿತೋ ಯಾರಿಗೂ ತಿಳಿಯಲಿಲ್ಲ, ಅವಳ ಬೇನೆಗೆ ಡಾಕ್ಟರು ಹೆಸರಿಡುವ ಮೊದಲೇ ನಾವು ಇಟ್ಟಾಗಿತ್ತು, ಅವಳ ಹೆಸರಾಗಿಯೇ, ಡಾಕ್ಟರು ಬೆರಳ ಗೆಣ್ಣುಗಳನ್ನು ಒಟ್ಟಿಗೆ ಹಿಡಿದು ಅದುಮಿ ನೋಡಿದರು, ಊತ ಇಲ್ಲ, ಕೆಂಪಿಲ್ಲ, ಏನೂ ಇಲ್ಲಮ್ಮ, ಚೆನ್ನಾಗಿ ನಿದ್ದೆ ಮಾಡಿ, ನಿದ್ದೆ ಮಾಡಬೇಕಂತೆ, ಊತ ಬಂದದ್ದು ಎಷ್ಟೋ ಕಾಲದ ಮೇಲೆ, ಬರುವಾಗ ಬರಿಗೈಯಲ್ಲಿ ಬರಲಿಲ್ಲ, ಮಣಿಕಟ್ಟು, ಮೊಣಕಾಲು, ಕೊನೆಗೆ ಶ್ವಾಸಕೋಶ, ಕೀಲಿನ ಬೇನೆಗೆ ಉಸಿರಿನ ಗೊಡವೆ ಯಾಕೆ ಎಂದು ಕೇಳಿದರೆ ಸಂಧಿವಾತ ಹಾಗೂ ಮಾಡುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು, ಅಕ್ಷರ ಮಾತ್ರ ಗುಂಡಗಿತ್ತು.

ಮೊಮ್ಮಗಳ ರಕ್ತದಲ್ಲೂ ಇದೆ ಅಂದರು, ಬೇನೆಯಲ್ಲ, ಬೇನೆಯ ಗುರುತು, ನಿಮಗೆ ಏನೂ ಆಗಿಲ್ಲ, ಆದರೆ ತಾಯಿಗೆ ಇರೋದರಿಂದ ನೋಡ್ತೀವಿ, ಮೊಣಕಾಲಿಗೆ ಸೂಜಿ ಹಾಕಿ ಕೀಲಿನ ಒಳಪದರದಿಂದ ಸಾಸಿವೆಯಷ್ಟು ಚೂರು ತೆಗೆದರು, ನೋವಿಲ್ಲದ ಮೊಣಕಾಲು, ಬಾವಿಲ್ಲದ ಮೊಣಕಾಲು, ದಿನವಿಡೀ ಬಸ್ಸಿನ ಕ್ಲಚ್ಚು ತುಳಿಯುವ ಗಟ್ಟಿ ಮೊಣಕಾಲು, ಆದರೂ ಆ ಚೂರು ಎಲ್ಲರ ಚೂರಿನ ಹಾಗಿಲ್ಲವಂತೆ, ಊತ ಕಾಣುವ ಎಷ್ಟೋ ಮುಂಚೆ ಒಳಗಿನ ಪದರ ನಡತೆ ಬದಲಿಸುತ್ತದಂತೆ, ಸುಣ್ಣ ಹೊಡೆದ ಗೋಡೆ ಹೊರಗೆ ಬೆಳ್ಳಗೆ, ಒಳಗೆ ಗೆದ್ದಲು, ಹಾಗಾದ್ರೆ ಬರುತ್ತಾ ಅಂದರೆ ಬರಬಹುದು, ಬರದೇನೂ ಇರಬಹುದು, ಒಳ್ಳೆ ಹವಾಮಾನದವರ ಥರ ಹೇಳ್ತಾರೆ ಅಜ್ಜ, ಕೊಡೆ ಹಿಡ್ಕೋ, ಮಳೆ ಬರ್ದಿದ್ರೆ ನಮ್ಮನ್ನ ಬೈಬೇಡ, ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನ ಮಣಿಕಟ್ಟು ಹಿಡಿದುಕೊಂಡಳು, ದಿನಾ ಬೆಳಿಗ್ಗೆ ನನ್ನ ಕೈಮಾತು ಮೊದಲು ನೋಡೋನು ನೀನು, ಅದು ಗೊಣಗಿದ ದಿನ ನನಗೆ ಹೇಳ್ಬೇಕು, ಬೇಗ ಗೊತ್ತಾದ್ರೆ ಮದ್ದು ಕೊಡ್ತಾರಂತೆ, ತಡೀಬಹುದಂತೆ, ಅಮ್ಮನಿಗೆ ಮಾಡಿದ ಹಾಗೆ ನಗಬಾರದು, ಹೇಳ್ತೀನಿ ಅಂದೆ, ದೇವರಾಣೆ ಅಂದೆ, ಆ ದೇವರಿಗೆ ಬೇರೆ ದಿನ ಸಿಗಲಿಲ್ಲವೆ, ನನಗೆ ಅವನು ಕಿವಿ ಕೊಡಲಿಲ್ಲ, ಯಾಕೆಂದು ನಾನು ಕೇಳಲಿಲ್ಲ, ಒಂದು ಬಾಗಿಲು ಮುಚ್ಚಿದವನು ಕೈಯನ್ನಾದರೂ ಬಿಟ್ಟನಲ್ಲ ಎಂದು ಆ ಕೈಯಿಂದಲೇ ಮುಗಿಯುತ್ತಾ ಬಂದೆ, ಈಗ ನೋಡಿದರೆ ತಲೆಮಾರಿಗೊಂದರಂತೆ ಕೈಗಳ ಮೇಲೇ ಅವನ ಕಣ್ಣು.

ಅತ್ತಿತ್ತ ಜನ, ಚಪ್ಪಲಿ, ತೆಗೆದಿಟ್ಟ ಕುರ್ಚಿಗಳು, ಆಸ್ಪತ್ರೆಯಿಂದ ಗಾಡಿ ಇನ್ನೂ ಬಂದಿಲ್ಲ, ತಂಗಿ ಬಂದು ಎದುರು ಕೂತಿದ್ದಾಳೆ, ನನಗೆ ತಿಳಿಯಲೆಂದು ಬಾಯಿ ಅಷ್ಟಗಲ ತೆರೆದು ಮಾತಾಡುತ್ತಾಳೆ, ನರಳೋದು ತಪ್ತು ಬಿಡಣ್ಣ, ದೇವರು ಕಣ್ಣು ಬಿಟ್ಟ, ಕಣ್ಣು ಬಿಟ್ಟನಂತೆ, ಅಂದರೆ ಇಷ್ಟು ವರ್ಷ ಮುಚ್ಚಿಕೊಂಡಿದ್ದ ಎಂದಾಯಿತು, ಎದ್ದು ಅಡುಗೆಮನೆಗೆ ಹೋದೆ, ಅಲ್ಲಿ ಮೊಮ್ಮಗಳು ಬೆನ್ನು ಹಾಕಿ ನಿಂತು ಪಾತ್ರೆಯ ಬಿಸಿನೀರಿನಲ್ಲಿ ಕೈ ಅದ್ದಿಕೊಂಡಿದ್ದಾಳೆ, ಆವಿ, ಅದೇ ಭುಜ, ಅದೇ ಬಗ್ಗಿದ ಕತ್ತು, ಒಂದು ಗಳಿಗೆ ಯಾರು ಸತ್ತರು ಎಂಬುದೇ ಮರೆಯಿತು, ತಿರುಗಿದಳು, ಕೈ ಒರೆಸಿಕೊಂಡಳು, ಬೆಳಿಗ್ಗೆ ನೀನು ನನ್ನ ಮುಖ ನೋಡ್ಲಿಲ್ಲ ಅಜ್ಜ, ಕೈ ನೋಡ್ದೆ, ಇಲ್ಲ ಕಣೇ, ಕಣ್ಣು ಮಂಜಾಗಿತ್ತು ಅಂದೆ, ಕಣ್ಣು ಮಂಜಾಗೋಕೆ ಮುಂಚೆನೇ ನೋಡ್ದೆ, ಸುಳ್ಳು ಹೇಳೋಕೆ ನಿನಗೆ ಬರಲ್ಲ, ಈ ವಯಸ್ಸಲ್ಲಿ ಕಲೀಬೇಡ, ಆಣೆ ಇಟ್ಟಿದ್ದೀಯ — ಮಗಳ ಹೆಣ ಇನ್ನೂ ಮನೆಗೆ ಬಂದಿಲ್ಲ, ಇವಳಿಗೆ ಏನೆಂದು ಹೇಳಲಿ, ಹೇಳದೆ ಹೋದರೆ ಅಂದು ನಕ್ಕದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ, ಗೊಣಗಿತು ಅಂದೆ, ಒಂದು ಮಾತು ಗೊಣಗಿತು, ಯಾವ್ದು, ಹೋದಳು ಅನ್ನೋದು, ತಲೆಯಾಡಿಸಿದಳು, ಅಳಲಿಲ್ಲ, ಇಂಜಿನ್ನು ಬೇರೆ ಥರ ನಡುಗಿದ್ರೆ ಡಿಪೋದಲ್ಲಿ ಆವತ್ತೇ ಹೇಳ್ಬೇಕು ಅಜ್ಜ, ಮುಚ್ಚಿಟ್ರೆ ನಡುರಸ್ತೆಲಿ ನಿಲ್ಲುತ್ತೆ, ಅಮ್ಮನ್ನ ಕಳಿಸಿಕೊಟ್ಟು ಡಾಕ್ಟರ ಹತ್ರ ಹೋಗ್ತೀನಿ, ಬಾ, ಈಗ ಅವಳಿಗೋಸ್ಕರ ಕೇಳ್ಕೊಳೋಣ.

ದೇವರ ಮುಂದೆ ನಿಂತೆವು, ನಮ್ಮ ಪ್ರಾರ್ಥನೆಯೂ ಕೈಯಲ್ಲೇ, ಪಕ್ಕದವರಿಗೂ ಕೇಳದು, ಮೇಲಿನವನಿಗಾದರೂ ಕಾಣಲಿ, ತಂದೆಯೇ, ನಿನ್ನ ಮೇಲೆ ಸಿಟ್ಟಿದೆ, ಅದು ಆಮೇಲೆ, ಹೋದ ಜೀವಕ್ಕೆ ಶಾಂತಿ ಕೊಡು, ಅಲ್ಲಿ ಅವಳ ಬೆಳಗು ಬಿಸಿನೀರಿಲ್ಲದೆ ಆಗಲಿ, ಬೆರಳೆಲ್ಲ ಬಿಚ್ಚಿಕೊಳ್ಳಲಿ, ಉಸಿರು ಸಲೀಸಾಗಿ ಆಡಲಿ, ಯಾರಿಗೆ ಎಂದು ಹೇಳಬೇಕಲ್ಲ, ಹೆಸರು ಹೇಳಬೇಕಲ್ಲ, ಮಚ್ಚೆಯ ಹೆಸರನ್ನೇ ಹೇಳೋಣ, ಹುಟ್ಟಿದಾಗಿನದು, ಬೇನೆ ಮುಟ್ಟದ ಹೆಸರು, ಬೆರಳು ಗಲ್ಲದವರೆಗೆ ಹೋಯಿತು, ನಿಂತಿತು, ಅಲ್ಲಿಂದ ತಾನಾಗಿಯೇ ಕೆನ್ನೆಗೆ ಸರಿಯಿತು, ಪಕ್ಕಕ್ಕೆ ನೋಡಿದೆ, ಮೊಮ್ಮಗಳೂ ಅದೇ ಹೆಸರಿಗೆ ಬಂದಿದ್ದಾಳೆ, ಅವಳ ಕೈಯಲ್ಲಿ ಶಾಂತಿ ಎಂಬುದು ಗೊಣಗಿತ್ತು, ಕೊಡು ಎಂಬುದು ಗೊಣಗಿತ್ತು, ಈ ಒಂದು ಹೆಸರಿಗೆ ಬೆರಳು ನೇರವಾಗಬೇಕಿಲ್ಲ, ಈ ಒಂದು ಹೆಸರು ಮಾತ್ರ ಅವಳ ಕೈಯಲ್ಲಿ ಹೊಸ ಮೊಳೆಯಲ್ಲಿ ಅಚ್ಚಾದ ಹಾಗೆ, ಒಂದು ಅಂಚೂ ಸವೆಯದೆ, ತಂದೆಯೇ, ಶಾಂತಿ ಕೊಡು, ಅರ್ಧ ಮಡಿಸಿದ ನಾಲ್ಕು ಬೆರಳು, ಕೆನ್ನೆಗೆ ಒರಗಿ, ಶಾಂತಿ ಕೊಡು, ಅರ್ಧ ಮಡಿಸಿದ ಬೆರಳು, ಕೆನ್ನೆಯ ಮೇಲೆ —