ಸುರಂಗದೊಳಗೆ ಹೋದ ಮುನ್ಸೀಫರು

೨೦೦೩ರಲ್ಲಿ ಅಪೊಲೋನಿಯಾ ಮುನ್ಸೀಫರಾಗಿ ಬರುವವರೆಗೆ ಆ ಕೋರ್ಟಿನ ಪೀಠದಲ್ಲಿ ಹೆಂಗಸೊಬ್ಬರು ಕೂತದ್ದೇ ಇರಲಿಲ್ಲ. ಮಾತು ಕಡಿಮೆ, ಸ್ವರ ಮೆತ್ತಗೆ. ಹಳೇ ವಕೀಲರು ಇವರನ್ನು ನುಂಗಿ ನೀರು ಕುಡಿದಾರು ಎಂದು ಬೆಂಚ್ ಕ್ಲಾರ್ಕ್ ಪೂವಪ್ಪ ಅಂದುಕೊಂಡಿದ್ದ.

ಆಗ ವಿಚಾರಣೆಗೆ ಬಂದದ್ದು ಕುಂಬ್ಡಾಜೆಯ ಅಮ್ಮಣಿಯ ದಾವೆ. ಗುಡ್ಡದ ಹೊಟ್ಟೆಗೆ ಅವಳ ಗಂಡ ಚನಿಯ ಕೊರೆದ ಸುರಂಗದಿಂದ ಹರಿದು ಬರುವ ನೀರೇ ಮನೆಗೆ ಆಧಾರ. ಗಂಡ ಸತ್ತ ಮರುವರ್ಷ ನೀರು ನಿಂತಿತು. ಮೇಲಿನ ಜಾಗದ ಭುಜಂಗ ನೀರು ತನ್ನ ಬಾವಿಯಲ್ಲೇ ಉಳಿಯಲೆಂದು ಒಳಗೆಲ್ಲೋ ಅಡ್ಡ ಕಟ್ಟ ಹಾಕಿದ್ದಾನೆಂದು ಅವಳ ದೂರು. ಒರತೆಯೇ ಬತ್ತಿದೆಯೆಂದು ಅವನ ವಾದ. ಕೋರ್ಟಿನ ಪರವಾಗಿ ಸ್ಥಳ ನೋಡಿಬಂದ ಕಮಿಷನರ್ ವಕೀಲರೂ ಹಾಗೆಯೇ ವರದಿ ಕೊಟ್ಟಿದ್ದರು.

ಮುನ್ಸೀಫರು ವರದಿಯನ್ನು ಎರಡು ಸಲ ಓದಿ, ಎಷ್ಟು ಒಳಗೆ ಹೋಗಿದ್ದಿರೆಂದು ಕಮಿಷನರನ್ನು ಕೇಳಿದರು. ಸುರಂಗದ ಬಾಯಲ್ಲಿ ನಿಂತು ಟಾರ್ಚ್ ಹಾಕಿದ್ದಷ್ಟೇ ಎಂದು ಅವರು ಒಪ್ಪಿಕೊಂಡರು. ಮರುವಾರವೇ ಎರಡೂ ಕಡೆಯ ವಕೀಲರನ್ನೂ ಪೂವಪ್ಪನನ್ನೂ ಕರೆದುಕೊಂಡು ಮುನ್ಸೀಫರು ಕುಂಬ್ಡಾಜೆಗೆ ಹೋದರು.

ಬಗ್ಗಿದರೆ ಒಬ್ಬರು ನುಗ್ಗಬಹುದಾದಷ್ಟೇ ಜಾಗ. ಅಪೊಲೋನಿಯಾ ಚಪ್ಪಲಿ ಕಳಚಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ವಕೀಲರು ಮುಖ ಮುಖ ನೋಡಿಕೊಂಡರು.

"ಮೇಡಂ, ಒಳಗೆ ಹಾವು ಉಂಟೋ ಎಂತದೋ," ಎಂದ ಪೂವಪ್ಪ.

"ಟಾರ್ಚ್ ಹಿಡ್ಕೊಂಡು ನೀವು ಹಿಂದಿನಿಂದ ಬನ್ನಿ."

ಇಪ್ಪತ್ತು ಕೋಲು, ಅಂದರೆ ಸುಮಾರು ಐವತ್ತು ಅಡಿ ದೂರದಲ್ಲಿ, ತಿರುವು ಕಳೆದ ಮೇಲೆ, ಕಲ್ಲು ಮಣ್ಣಿನ ಗೋಡೆ ಎದುರಾಯಿತು. ಪೂವಪ್ಪ ಕಿವಿಯಿಟ್ಟ. ಆಚೆ ನೀರಿನ ಸದ್ದು. ಮೈಯೆಲ್ಲ ಕೆಸರಾಗಿ ಹೊರಬಂದ ಮುನ್ಸೀಫರು ವಕೀಲರನ್ನೂ ಒಬ್ಬೊಬ್ಬರಾಗಿ ಒಳಗೆ ಕಳಿಸಿ, ಅಲ್ಲೇ ಕಲ್ಲಿನ ಮೇಲೆ ಕೂತು ಕಂಡದ್ದನ್ನು ಬರೆಸಿದರು. ತೀರ್ಪು ಅಮ್ಮಣಿಯ ಪರವಾಯಿತು. ಬೇಸಗೆ ಮುಗಿಯುವ ಮೊದಲೇ ಗೋಡೆ ಒಡೆಸಿದರು, ನೀರು ಬಂತು.

ಆಮೇಲೆ ಆ ಕೋರ್ಟಿನ ಕಮಿಷನರುಗಳು ಹೊರಗೆ ನಿಂತು ವರದಿ ಬರೆಯುವುದು ನಿಂತೇಹೋಯಿತು.

೨೦೧೯ರಲ್ಲಿ ಅಪೊಲೋನಿಯಾ ಜಿಲ್ಲಾ ನ್ಯಾಯಾಧೀಶರಾಗಿ ನಿವೃತ್ತರಾದರು. ಅಷ್ಟರೊಳಗೆ ತಾನೂ ಪೆನ್ಶನ್ ಪಡೆಯುತ್ತಿದ್ದ ಪೂವಪ್ಪ ಬೀಳ್ಕೊಡುಗೆಗೆ ಹೋಗಿ, ಆ ದಿನ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದ.

"ಆಗದೆ ಎಂತ ಮಾರಾಯ್ರೆ, ಆಯ್ತು. ಆದ್ರೆ ನೋಡದೆ ತೀರ್ಪು ಬರೀಲಿಕ್ಕೆ ಅದಕ್ಕಿಂತ ಹೆಚ್ಚು ಹೆದರಿಕೆ."

ಪಕ್ಕದಲ್ಲಿದ್ದ ಹೊಸ ಮುನ್ಸೀಫ್ ರಶ್ಮಿತಾ, ತೀರ್ಪು ತೆಗೆಸಿ ಓದಲೆಂದು, ಆ ಕೇಸಿನ ನಂಬರ್ ಕೇಳಿದರು. ಪೂವಪ್ಪನಿಗೆ ಅದು ಬಾಯಿಪಾಠವಾಗಿತ್ತು.