ಹತ್ತೊಂಬತ್ತು ದಾರ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬರುವ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಮೂರನೇ ತರಗತಿಯ ಹತ್ತೊಂಬತ್ತು ಹೊಟ್ಟೆಗಳ ಅಂತಿಮ ಅಳತೆ ನಡೆಯತಕ್ಕದ್ದು. ಹೀಗೊಂದು ಚೀಟಿಯನ್ನು ಬಾಗಿಲಿಗೆ ಅಂಟಿಸಿದ ಶಾಲೆಯ ನರ್ಸ್ ಗುನ್‌ವೊರ್, ಎರಡು ಹೆಜ್ಜೆ ಹಿಂದೆ ಸರಿದು, ಅದು ನೆಟ್ಟಗಿದೆಯೇ ಎಂದು ನೋಡಿದಳು.

ಯೋಜನೆ ಅವಳದೇ. ಮಗುವಿನ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸು, ಅರ್ಧಕ್ಕೆ ಮಡಿಸು, ಸೊಂಟಕ್ಕೆ ಸುತ್ತು. ತುದಿಗಳು ಕೂಡಿದರೆ ಪಾಸು, ಕೂಡದಿದ್ದರೆ ಬೊಜ್ಜು. ಎಲ್ಲರೂ ಪಾಸಾದ ತರಗತಿಗೆ ಪುರಸಭೆಯ ಖರ್ಚಿನಲ್ಲಿ ಒಂದು ದಿನ ಈಜುಕೊಳದ ಜಾರುಬಂಡಿ. ಸ್ಪರ್ಧೆ ಇಟ್ಟರೆ ಮಕ್ಕಳು ಒಬ್ಬರಿಗೊಬ್ಬರು ನೆರವಾಗುತ್ತಾರೆ ಎಂದು ಗುನ್‌ವೊರ್ ಅರ್ಜಿಯಲ್ಲಿ ಬರೆದಿದ್ದಳು.

ನೆರವಾದರು. ಮೂರು ವಾರದ ಹಿಂದಿನ ಮೊದಲ ಅಳತೆಯಲ್ಲಿ ಹದಿನೆಂಟು ದಾರ ಕೂಡಿತು. ಮಾರೆನ್‌ಳದು ಮಾತ್ರ ಎರಡು ಬೆರಳು ಸಾಲಲಿಲ್ಲ. ಯಾರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುವ ತರಗತಿ ಅದಲ್ಲ. ಮಾರೆನ್‌ಳ ಹೊಟ್ಟೆಗೇ ಏನೂ ಹಾಕಬಾರದೆಂದು ಮರುದಿನ ಠರಾವಾಯಿತು.

"ಡಬ್ಬಿ ಕೊಡೇ," ಎಂದ ಆಸ್ಗರ್, ಅವಳ ಅರೆದ ಲಿವರ್ ಹಚ್ಚಿದ ರೈ ಬ್ರೆಡ್ ಬಾಯಿಗೆ ತುರುಕಿಕೊಳ್ಳುತ್ತ. "ನಿನಗೋಸ್ಕರಾನೇ ತಿಂತಿರೋದು ಕಣೆ."

ಮಾರೆನ್‌ಳ ಕಣ್ಣು ತುಂಬಿತು.

"ಅತ್ರೆ ತೂಕ ಇಳಿಯತ್ತೇನೋ," ಎಂದಳು ಪಕ್ಕದ ಲೀವಾ, "ನಮಗೆ ಬೇಕಿರೋದು ಸೊಂಟ. ನೋಡು, ಗೆದ್ರೆ ಜಾರುಬಂಡೀಲಿ ನನ್ನ ಹಿಂದೆ ಕೂತ್ಕೊಳ್ಳೋಳು ನೀನೇ. ಸೋತ್ರೆ ಮಾತ್ರ ಇಡೀ ವರ್ಷ ಯಾರೂ ನಿನ್ನ ಹತ್ರ ಕೂರಲ್ಲ."

ಆವತ್ತಿನಿಂದ ಮಾರೆನ್ ಡಬ್ಬಿಯನ್ನು ತಾನೇ ತಂದೊಪ್ಪಿಸತೊಡಗಿದಳು. ಶುಕ್ರವಾರ ತರಗತಿಗೆ ಕೇಕ್ ತರುವ ಸರದಿ ಅವಳದೇ ಬಂತು. ಅಮ್ಮ ಮಾಡಿಕೊಟ್ಟ ಕೇಕನ್ನು ಹದಿನೆಂಟು ತುಂಡು ಮಾಡಿ ಹಂಚಿದಳು.

"ಬೆರಳು ನೆಕ್ಕಿದ್ಯೋ, ನೋಡು!" ಎಂದು ಆಸ್ಗರ್ ಕೂಗಿದ. ಅವಳು ಬೆರಳನ್ನು ಕಾಗದಕ್ಕೆ ಒರೆಸಿದಳು.

ಮಂಗಳವಾರ ಪುರಸಭೆಯಿಂದ ಹೆನಿಂಗ್ ನಿಯಮಾವಳಿ ಹಿಡಿದು ಬಂದ. ಹದಿನೆಂಟು ದಾರ ಮತ್ತೆ ಕೂಡಿತು. ಕೊನೆಗೆ ಮಾರೆನ್ ಎರಡೂ ಕೈ ಮೇಲೆತ್ತಿ ನಿಂತಳು. ಗುನ್‌ವೊರ್ ದಾರ ಸುತ್ತಿದಳು. ತುದಿಗಳು ಕೂಡಿದವು; ಒಂದರ ಮೇಲೊಂದು ಉಗುರಿನಷ್ಟು ಏರಿಯೂ ಕೂತವು.

"ಭಲೇ ಹಂದಿಮರಿ!" ಎಂದು ಆಸ್ಗರ್ ಕಿರುಚಿದ. ಈ ಸಲ ಪ್ರೀತಿಯಿಂದಲೇ. ಮಾರೆನ್ ನಕ್ಕಳು.

"ದಾರ ಕತ್ತರಿಸಿದಾಗ ಕಾಲಲ್ಲಿ ಏನಿತ್ತು?" ಎಂದು ಹೆನಿಂಗ್ ಕೇಳಿದ.

"ಕಾಲಲ್ಲೇನಿರತ್ತೆ? ಶೂ ಎಲ್ಲ ಬಾಗಿಲ ಹತ್ರಾನೇ ಬಿಡ್ತಾರಲ್ಲ," ಎಂದಳು ಗುನ್‌ವೊರ್.

ಹೆನಿಂಗ್ ಬಗ್ಗಿದ. ಮೂವತ್ತೆಂಟು ಪಾದಗಳಲ್ಲಿ ದಪ್ಪ ಅಡಿಯ ಉಣ್ಣೆಯ ಚಪ್ಪಲಿಗಳಿದ್ದವು. ಶಾಲೆಯೊಳಗೆ ದಿನವಿಡೀ ಮೆಟ್ಟುವಂಥವು. ಮೆಟ್ಟಿದ್ದೇವೆಂದು ಈ ದೇಶದಲ್ಲಿ ಯಾರಿಗೂ ನೆನಪಿರುವುದಿಲ್ಲ.

"ನಿಯಮ ನಾಲ್ಕು: ಬರಿಗಾಲು."

"ಅಯ್ಯೋ, ಇವು ಒಳಗೆ ಹಾಕೋವು ಹೆನಿಂಗ್! ಇವನ್ನ ಯಾರು ಚಪ್ಪಲಿ ಅಂತಾರೆ?"

"ಎರಡು ಸೆಂಟಿಮೀಟರ್ ದಪ್ಪ ಇದೆ. ಇಡೀ ಶಾಲೆಯ ದಾರ ಎಲ್ಲಾ ಉದ್ದ. ಸ್ಪರ್ಧೆ ರದ್ದು."

"ಜಾರುಬಂಡಿ?" ಎಂದಳು ಲೀವಾ.

"ಇಲ್ಲ."

ಮಕ್ಕಳೆಲ್ಲ ಒಮ್ಮೆ ಮಾರೆನ್‌ಳನ್ನು ನೋಡಿ, ಆಚೆ ಹೋದರು. ಲೀವಾ ಆಸ್ಗರ್‌ನ ಜೊತೆ ಹೋದಳು. ದೊಡ್ಡವರಿಬ್ಬರೂ ನಿಯಮಾವಳಿಯ ಮೇಲೆ ಬಗ್ಗಿದ್ದರು. ಮಾರೆನ್ ಗೋಡೆಯ ಪಕ್ಕ ಹಾಗೇ ನಿಂತಿದ್ದಳು. ಕೈ ಇಳಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.